ಚರಿತ್ರೆಯ ಗ್ರಂಥವೂ ಆತಕೂರಿನ ಕಲ್ಲೂ

ಚರಿತ್ರೆಗೆ ಯಾವ ಗ್ರಂಥವನ್ನು ಓದಬೇಕೆಂದು ವಿದ್ಯಾರ್ಥಿಮಿತ್ರರು ಆಗಾಗ ಕೇಳುವುದುಂಟು. ಕೆ. ಎ. ನೀಲಕಂಠ ಶಾಸ್ತ್ರಿಗಳು ಇಂಗ್ಲಿಷಿನಲ್ಲಿ ಬರೆದ ದಕ್ಷಿಣ ಭಾರತದ ಇತಿಹಾಸವನ್ನು (1955) ಮೊದಲು ಹೆಸರಿಸಬೇಕು. ಹಲವು ರಾಜವಂಶಗಳ ಕಥೆಯನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಹದ ಅವರಿಗೆ ಸಿದ್ಧಿಸಿತ್ತು. ಆದರೆ ಇಷ್ಟು ವಿಸ್ತಾರದ ಗ್ರಂಥದಲ್ಲಿ ತಕ್ಕೋಲದ ಕದನಕ್ಕೆ ಎಷ್ಟು ಎಡೆ ದೊರೆತೀತು? ರಾಷ್ಟ್ರಕೂಟ ಮೂರನೆಯ ಕೃಷ್ಣನು ಗೆದ್ದನು, ಚೋಳ ರಾಜಾದಿತ್ಯನು ಮಡಿದನು; ಅಲ್ಲಿಗೆ ಮುಗಿಯಿತು.

ಅದೇ ಸಂಗತಿಯನ್ನು ಆತಕೂರಿನ ಶಾಸನದಲ್ಲಿ ಓದಿ ನೋಡಬೇಕು. ಮದ್ದೂರು ತಾಲ್ಲೂಕಿನ ಆ ಊರಿನ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ, ಕಾಲ ಕ್ರಿ. ಶ. 949-50. ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ಕೃಷ್ಣನು ಬನವಾಸಿ 12,000, ಬೆಳ್ವೊಲ 300 ಮೊದಲಾದ ನಾಡುಗಳನ್ನು ಮೆಚ್ಚಿ ಕೊಟ್ಟನು. ಬೂತುಗನ ವೀರ ಮಣಲೆರನು ಬೇಡಿದ್ದಾದರೋ ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವೆಂಬ ಕಟ್ಟಳೆಯೂ ಆಯಿತು.

ಮೂಲವನ್ನೇ ಏಕೆ ನೋಡಬೇಕೆಂಬುದಕ್ಕೆ ಇನ್ನೊಂದು ಕಾರಣವೂ ಇದೇ ಕಲ್ಲಿನಲ್ಲಿದೆ. ಬೂತುಗನು ರಾಜಾದಿತ್ಯನನ್ನು ಮೋಸದಿಂದ ಇರಿದನೆಂದು ಮೊದಲು ಅರ್ಥಮಾಡಿದರು. ‘ಬಿಸುಗೆ’ ಎಂದರೆ ಆನೆಯ ಮೇಲಣ ಅಂಬಾರಿ. ಅದನ್ನೇ ಕಣವಾಗಿಸಿಕೊಂಡು ಕಾದಿ ಕೊಂದನೆಂಬ ಅರ್ಥ ತರುವಾಯ ತಿಳಿಯಿತು. ಹಳಗನ್ನಡದ ಒಂದು ಮಾತು ಸರಿಯಾಗಿ ದಕ್ಕದೆ ವೀರನೊಬ್ಬನು ದ್ರೋಹಿಯೆನಿಸಿದ್ದನು. ಚೋಳರ ಲೈಡನ್ ತಾಮ್ರಪಟವೂ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆನ್ನುತ್ತದೆ. ಆದರೆ ಅಲ್ಲಿ ಕೊಂದದ್ದು ಕೃಷ್ಣನ ಬಾಣ, ಬೂತುಗನ ಹೆಸರಿಲ್ಲ. ಎರಡನ್ನೂ ಎದುರೆದುರು ಇಟ್ಟುಕೊಂಡು ಓದುವ ಸುಖವನ್ನು ಪಠ್ಯಪುಸ್ತಕ ಕೊಡಲಾರದು.

ಇಂತಹ ಓದಿಗೆ ಬಿ. ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳೇ ಗಣಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿ ದೊರೆತರೆ ಅದೇ ಮೇಲು. ಶಾಸನಗಳಿಂದ ಜನಜೀವನವನ್ನು ಹೆಕ್ಕುವ ಬಗೆಯನ್ನು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಿಂದ (1966) ಕಲಿಯಬಹುದು. ಭಾಷೆ ಕಠಿಣವೆಂದು ಹಿಂಜರಿಯಬೇಕಾಗಿಲ್ಲ. ಪಂಪನು ಭಾರತವನ್ನು ಬರೆದದ್ದು 941ರಲ್ಲಿ. ಈ ಕಲ್ಲು ಹತ್ತು ವರ್ಷವೂ ಕಳೆಯದೆ ಹುಟ್ಟಿದ್ದು. ತರಗತಿಯಲ್ಲಿ ಪಂಪನನ್ನು ಓದಿದವರು ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು ಮೊದಲು ಮೂಲವನ್ನು ಬಿಡಿಸಲಿ; ಅನುವಾದದ ಪುಟವನ್ನು ಆಮೇಲೆ ತೆರೆಯಲಿ.