ಆವರಣ ತಪ್ಪಿದರೆ ಅರ್ಥವೂ ತಪ್ಪುತ್ತದೆ

ಮಕ್ಕಳೇ, ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಶೇಂಗಾ ಬಿತ್ತನೆ ಎಂದರೆ ಆಕಾಶ ನೋಡುವ ಕೆಲಸ. ನಿಮ್ಮ ಅಪ್ಪ ಹೀಗೆ ಹೇಳಿದರು ಎಂದುಕೊಳ್ಳಿ: "ಮಳೆ ಬಂದರೆ ಅಥವಾ ಬೋರಿನಲ್ಲಿ ನೀರಿದ್ದರೆ, ಮತ್ತು ಬೀಜ ಸಿದ್ಧವಿದ್ದರೆ ಕೂರಿಗೆ ಹೂಡೋಣ."

ಮಳೆಯೇನೋ ಬಂತು. ಬೀಜ ಇನ್ನೂ ಬಂದಿಲ್ಲ. ಕೂರಿಗೆ ಹೂಡುತ್ತೀರಾ? ಇಲ್ಲ. ಬೀಜವಿಲ್ಲದೆ ಏನನ್ನು ಬಿತ್ತುವುದು!

ಈ ಷರತ್ತನ್ನು ಕಂಪ್ಯೂಟರಿಗೆ ಬರೆದುಕೊಡೋಣ.

ಮಳೆ ಅಥವಾ ಬೋರು ಮತ್ತು ಬೀಜ ಇದ್ದರೆ: ಕೂರಿಗೆ ಹೂಡು

ಆಶ್ಚರ್ಯವೆಂದರೆ, ಬೀಜವಿಲ್ಲದಿದ್ದರೂ ಕಂಪ್ಯೂಟರ್ "ಹೂಡು" ಎನ್ನುತ್ತದೆ! ಏಕೆ?

2 + 3 × 4 ಎಷ್ಟು? ನೀವು ಮೊದಲು ಗುಣಿಸಿ, ಆಮೇಲೆ ಕೂಡಿ 14 ಎನ್ನುತ್ತೀರಿ. ಹಾಗೆಯೇ ಸಿ, ಜಾವಾ, ಪೈಥಾನ್ ಭಾಷೆಗಳಲ್ಲಿ 'ಮತ್ತು' ಮೊದಲು, 'ಅಥವಾ' ಆಮೇಲೆ. ಆದ್ದರಿಂದ ಕಂಪ್ಯೂಟರ್ ಹೀಗೆ ಓದಿಕೊಂಡಿತು:

ಮಳೆ ಅಥವಾ (ಬೋರು ಮತ್ತು ಬೀಜ)

ಮಳೆಯೊಂದು ಬಂದರೆ ಅದಕ್ಕೆ ಸಾಕು. ಅಪ್ಪನ ಮಾತಿನ ಅರ್ಥ ಬೇರೆ:

(ಮಳೆ ಅಥವಾ ಬೋರು) ಮತ್ತು ಬೀಜ

ಆವರಣದೊಳಗಿನದನ್ನು ಮೊದಲು ನೋಡಬೇಕು. (2 + 3) × 4 ಎಂದರೆ 20 ಆಗುವುದಿಲ್ಲವೇ? ಇಲ್ಲಿ ಮಳೆ ಬಂದಿದೆ, ಹಾಗಾಗಿ ಆವರಣದ ಉತ್ತರ 'ಹೌದು'. ಬೀಜ 'ಇಲ್ಲ'. 'ಹೌದು ಮತ್ತು ಇಲ್ಲ' ಸೇರಿದರೆ 'ಇಲ್ಲ'. ಕೂರಿಗೆ ನಿಂತಿತು!

ಸಿ, ಜಾವಾ ಭಾಷೆಗಳಲ್ಲಿ ಇಡೀ ಷರತ್ತಿಗೇ ಇನ್ನೊಂದು ಹೊರ ಆವರಣ ಬೇಕು. ತೆರೆದಷ್ಟು ಆವರಣಗಳನ್ನು ಮುಚ್ಚಲೇಬೇಕು.

ಇಂಥ ಷರತ್ತುಗಳು ನಮ್ಮ ತಾಲ್ಲೂಕಿನ ಆಕಾಶದಲ್ಲೂ ಕೆಲಸ ಮಾಡಿವೆ. 2023ರ ಏಪ್ರಿಲ್ 2ರ ಬೆಳಿಗ್ಗೆ, ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ, ಇಸ್ರೊ ಸಂಸ್ಥೆಯ ರೆಕ್ಕೆಯುಳ್ಳ ವಾಹನವೊಂದನ್ನು ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರಕ್ಕೆ ಒಯ್ದಿತು. ಅದನ್ನು ಕೆಳಗೆ ಬಿಡಲು ಸ್ಥಾನ, ವೇಗ, ಎತ್ತರ ಮುಂತಾದ 10 ಅಂಶಗಳ ಷರತ್ತು ಇತ್ತು. ಷರತ್ತು ಪೂರೈಸಿದಾಗ ವಾಹನದ ಕಂಪ್ಯೂಟರೇ ಆಜ್ಞೆ ಕೊಟ್ಟಿತು. ವಾಹನ ತಾನೇ ಹಾರಿಬಂದು 7.40ಕ್ಕೆ ಓಡುದಾರಿಯಲ್ಲಿ ಇಳಿಯಿತು. ಅಂಥ ಎತ್ತರದಲ್ಲಿ "ನನ್ನ ಅರ್ಥ ಅದಲ್ಲ" ಎಂದು ಕಂಪ್ಯೂಟರಿಗೆ ತಿಳಿಹೇಳಲು ಸಮಯವೆಲ್ಲಿ? ಬರೆಯುವಾಗಲೇ ಸರಿಯಾಗಿ ಬರೆದಿರಬೇಕು.

ನೀವೇ ಮಾಡಿ ನೋಡಿ: "ಶನಿವಾರ ಅಥವಾ ಭಾನುವಾರ ಮತ್ತು ಮಳೆಯಿಲ್ಲ ಎಂದಾದರೆ: ಆಟ." ಇಂದು ಶನಿವಾರ, ಮಳೆ ಸುರಿಯುತ್ತಿದೆ. ಕಂಪ್ಯೂಟರ್ ಏನೆನ್ನುತ್ತದೆ? ಮಳೆಯಲ್ಲಿ ಯಾರೂ ನೆನೆಯದಂತೆ ಆವರಣವನ್ನು ಎಲ್ಲಿ ಹಾಕುತ್ತೀರಿ?