ಹಿತ್ತಲಿನ 16 ಚಪ್ಪಡಿಗಳು

ಮಂಡ್ಯದ ನಮ್ಮ ಹಿತ್ತಲಿಗೆ ಕೆಸರಾಗದಿರಲೆಂದು 16 ಕಾಂಕ್ರೀಟ್ ಚಪ್ಪಡಿ ಹಾಸಿಸಿದವನು ನಾನೇ. ಮಳೆನೀರೆಲ್ಲ ಚರಂಡಿಗೆ ಓಡಿತು. ಪಕ್ಕದ ತೆಂಗಿನ ಗರಿ ಸೊರಗಿತು. ಆ ಮರ ನೆಟ್ಟ ನನ್ನಾಕೆ ಈಗಿಲ್ಲ. ಮರವನ್ನಾದರೂ ಉಳಿಸಿಕೊಳ್ಳಬೇಕೆನಿಸಿತು.

ಬ್ಯಾಂಕಿನಲ್ಲಿ ಲೆಡ್ಜರ್ ಎತ್ತಿದ ಕೈ ನನ್ನದು, ಹಾರೆ ಹಿಡಿದದ್ದಲ್ಲ. ಮೊದಲ ದಿನ ಬಗ್ಗಿ ಎತ್ತಲು ಹೋಗಿ ಸೊಂಟ ಹಿಡಿಯಿತು. ಮದ್ದೂರಿನಿಂದ ಬಂದ ಮೊಮ್ಮಗ ಲೆಕ್ಕ ಹಾಕಿದ: ಒಂದೂವರೆ ಅಡಿ ಚೌಕ, ಎರಡು ಅಂಗುಲ ದಪ್ಪ, ಒಂದು ಘನಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೊ. ಅಂದರೆ ಒಂದೊಂದೂ 25 ಕಿಲೊ! “ಎತ್ತಬೇಡ ತಾತ, ಮೀಟು” ಎಂದ.

ಅಂಚಿನ ಚಪ್ಪಡಿಯಿಂದ ಶುರುಮಾಡಿದೆವು. ಸಂದಿಗೆ ಹಾರೆಯ ತುದಿ, ಅದರ ಹತ್ತಿರವೇ ಆನಿಕೆಗೆ ಇಟ್ಟಿಗೆ. ಇನ್ನೊಂದು ತುದಿ ಒತ್ತಿದರೆ ಚಪ್ಪಡಿ ಸುಲಭವಾಗಿ ಎದ್ದಿತು. ಆನಿಕೆ ಚಪ್ಪಡಿಗೆ ಹತ್ತಿರವಿದ್ದಷ್ಟೂ ಕೈಗೆ ಭಾರ ಕಡಿಮೆ. ಅಡಿಗೆ ಬೆರಳು ಹಾಕದೆ ಮರದ ತುಂಡು ಕೊಟ್ಟೆವು. ಒಳ್ಳೆಯದೇ ಆಯಿತು; ಮೂರನೆಯದರಡಿ ಚೇಳಿತ್ತು!

ದಿನಕ್ಕೆ ನಾಲ್ಕರಂತೆ ನಾಲ್ಕು ಭಾನುವಾರ. ಚಪ್ಪಡಿಗಳು ಮಳವಳ್ಳಿಯ ತಮ್ಮನ ಕೊಟ್ಟಿಗೆ ಸೇರಿದವು. ಗಟ್ಟಿಯಾಗಿದ್ದ ಮಣ್ಣು ಸಡಿಲಿಸಿ, ತರಗೆಲೆ ಹೊದಿಸಿದೆವು.

ಮೊನ್ನೆ ಮಳೆ ಬಂತು. ನೀರು ಓಡಲಿಲ್ಲ, ನಿಂತು ಇಂಗಿತು. ಮರ ಚೇತರಿಸೀತೇ, ಕಾಯಬೇಕು. ಮಣ್ಣಿನ ವಾಸನೆಗೆ ಮೊಮ್ಮಗ ಕೇಳಿದ, “ಅಜ್ಜಿ ಇದ್ದಾಗಲೂ ಹೀಗೇ ಇತ್ತಾ?” ಹೌದು ಮಗು, ಹೀಗೇ ಇತ್ತು.