ಪಿಕಪ್ಪು ಗಾಡಿಯನ್ನು ನಂಬುವ ಮುನ್ನ

ಕಲಬುರಗಿ ನಗರದಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ನಲವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಕಮಲಾಪುರವಿದೆ. ಕೆಂಪು ಬಾಳೆಗೆ ಹೆಸರಾದ ಊರು ಅದು. ಸುತ್ತಣ ಎರೆಭೂಮಿಯೆಲ್ಲ ತೊಗರಿಯ ಸೀಮೆ. ಬಾಳೆಗೊನೆಗಳನ್ನೂ ತೊಗರಿಯ ಚೀಲಗಳನ್ನೂ ನಗರದ ಪೇಟೆಗೆ ತರುವ ಕೆಲಸದಲ್ಲಿ ಪಿಕಪ್ಪು ಗಾಡಿಗಳಿಗೆ ಇಂದು ದೊಡ್ಡ ಪಾಲಿದೆ. ೨೦೦೫ರಲ್ಲಿ ಟಾಟಾ ಏಸ್ ಪೇಟೆಗೆ ಬಂದಿತು. ೨೦೧೧ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂದಿತು. ಮಹೀಂದ್ರಾ ಬೊಲೆರೋ ಪಿಕಪ್ಪು ಮತ್ತು ಎರಡು ಸಾಲು ಆಸನಗಳ ಕ್ಯಾಂಪರ್ ಗಾಡಿಗಳು ಹಳ್ಳಿಹಳ್ಳಿಗೂ ಪರಿಚಿತವಾಗಿವೆ. ಎರಡು ವಾಹನಗಳನ್ನು ಸಾಕುವ ಶಕ್ತಿಯಿಲ್ಲದ ಒಕ್ಕಲು ಮನೆತನಕ್ಕೆ ಹೊಲಕ್ಕೂ ಅದೇ ಗಾಡಿ, ಮನೆಗೂ ಅದೇ ಗಾಡಿ. ಮುಂಜಾನೆ ಸರಕು ಹೊತ್ತ ವಾಹನವೇ ನಡುರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡಾಗ ನಗರದ ಆಸ್ಪತ್ರೆಯ ಹಾದಿ ಹಿಡಿಯಬೇಕಾಗುತ್ತದೆ.

ಹೀಗಿರುವಾಗ ಆ ಗಾಡಿ ಕೈಕೊಡುವುದೋ ಇಲ್ಲವೋ ಎಂಬುದು ಕೇವಲ ಹಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೆ, ವಿದ್ಯಾರ್ಥಿಗಳ ಮನೆಗಳಿಂದ ಈ ಪ್ರಶ್ನೆ ಆಗಾಗ್ಗೆ ಬರುವುದುಂಟು: “ಸರ್, ಯಾವ ಗಾಡಿ ಗಟ್ಟಿ ಅದ ಹೇಳ್ರಿ?” ಯಾವುದೋ ಒಂದು ಹೆಸರನ್ನು ಹೇಳಿ ಮುಗಿಸಿಬಿಡಬಹುದು. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡಿದರೆ, ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಪ್ರಶ್ನೆಯನ್ನೇ ಕೊಂಚ ತಿದ್ದಿಕೊಳ್ಳಬೇಕಾಗುತ್ತದೆ.

ವಿಶ್ವಾಸಾರ್ಹತೆ ಎಂದರೇನು?

ಒಂದು ಯಂತ್ರವು ಗೊತ್ತಾದ ಪರಿಸ್ಥಿತಿಗಳಲ್ಲಿ, ಗೊತ್ತಾದ ಅವಧಿಯವರೆಗೆ, ತನಗೆ ವಹಿಸಿದ ಕೆಲಸವನ್ನು ಕೆಡದೆ ನಿರ್ವಹಿಸುವ ಸಂಭವನೀಯತೆಯೇ ಅದರ ವಿಶ್ವಾಸಾರ್ಹತೆ ಎಂದು ಎಂಜಿನಿಯರುಗಳು ಹೇಳುತ್ತಾರೆ. ಈ ವ್ಯಾಖ್ಯೆಯ ಒಂದೊಂದು ಮಾತೂ ಮುಖ್ಯವಾದುದು. ಪರಿಸ್ಥಿತಿ ಬದಲಾದರೆ ವಿಶ್ವಾಸಾರ್ಹತೆಯೂ ಬದಲಾಗುತ್ತದೆ. ಅವಧಿಯನ್ನು ಹೇಳದೆ ‘ಗಟ್ಟಿ’ ಎನ್ನುವುದಕ್ಕೆ ಅರ್ಥವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇದು ಸಂಭವನೀಯತೆ, ಖಾತರಿಯಲ್ಲ.

ಗಟ್ಟಿಯಾದ ಬಿಡಿಭಾಗಗಳಿಂದ ಮಾಡಿದ ಗಾಡಿ ತಾನೇ ಗಟ್ಟಿಯಾಗಿರುವುದೆಂದು ಭಾವಿಸುವುದೂ ಸರಿಯಲ್ಲ. ನೂರು ಭಾಗಗಳ ಪೈಕಿ ಯಾವುದೊಂದು ಕೆಟ್ಟರೂ ಗಾಡಿ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು ಭಾಗವೂ ವರ್ಷವೊಂದರಲ್ಲಿ ಕೆಡದೆ ಉಳಿಯುವ ಸಂಭವ ಸಾವಿರಕ್ಕೆ ೯೯೯ ಇದ್ದರೂ, ೦.೯೯೯ನ್ನು ನೂರು ಬಾರಿ ಗುಣಿಸಿದಾಗ ದೊರೆಯುವುದು ೦.೯೦೫ ಮಾತ್ರ. ಅಂದರೆ ಹತ್ತು ಗಾಡಿಗಳಲ್ಲಿ ಒಂದು ವರ್ಷದೊಳಗೆ ಒಮ್ಮೆಯಾದರೂ ನಿಲ್ಲುತ್ತದೆ.

ನೆರೆಯವರ ಮಾತು ಎಷ್ಟು ತೂಗುತ್ತದೆ?

ಗಾಡಿ ಕೊಳ್ಳುವವರು ಮೊದಲು ಕೇಳುವುದು ನೆರೆಹೊರೆಯವರನ್ನು. “ಐದು ವರ್ಷ ಆಯ್ತು, ಒಮ್ಮೆನೂ ತೊಂದರೆ ಕೊಟ್ಟಿಲ್ಲ” ಎಂದು ಒಬ್ಬರು ಹೇಳಿದರೆ ಮನಸ್ಸು ಒಲಿಯುತ್ತದೆ. ಆದರೆ ಒಂದು ಗಾಡಿಯ ಅನುಭವದಿಂದ ತಿಳಿಯುವುದು ಅತ್ಯಲ್ಪ. ಹತ್ತು ಮಂದಿಯನ್ನು ಕೇಳಿದೆವು, ಒಬ್ಬರ ಗಾಡಿಯೂ ಕೆಟ್ಟಿಲ್ಲವೆಂದು ತಿಳಿಯಿತು ಎನ್ನೋಣ. ಆಗಲೂ, ಆ ಮಾದರಿಯ ಗಾಡಿಗಳಲ್ಲಿ ಶೇಕಡ ೨೬ರಷ್ಟು ಕೆಡುವಂತಹವು ಆಗಿರುವ ಸಾಧ್ಯತೆಯನ್ನು ಸಂಖ್ಯಾಶಾಸ್ತ್ರ ತಳ್ಳಿಹಾಕುವುದಿಲ್ಲ. ಮೂವತ್ತು ಮಂದಿಯನ್ನು ಕೇಳಿದರೆ ಈ ಮಿತಿ ಶೇಕಡ ೧೦ಕ್ಕೆ ಇಳಿಯುತ್ತದೆ. ನೆನಪಿಡಲು ಸುಲಭವಾದ ಸೂತ್ರವೊಂದಿದೆ: ಕೇಳಿದವರಲ್ಲಿ ಯಾರ ಗಾಡಿಯೂ ಕೆಟ್ಟಿಲ್ಲವಾದರೆ, ಮೂರನ್ನು ಕೇಳಿದವರ ಸಂಖ್ಯೆಯಿಂದ ಭಾಗಿಸಿರಿ. ಕೆಡುವ ಸಂಭವ ಸುಮಾರಾಗಿ ಅಲ್ಲಿಯವರೆಗೂ ಇರಬಹುದು. ಈ ಮಾತನ್ನು ಶೇಕಡ ೯೫ರಷ್ಟು ಭರವಸೆಯಿಂದ ಹೇಳಬಹುದು.

ಇನ್ನೊಂದು ಮೋಸವುಂಟು. “ನಮ್ಮ ಅಜ್ಜನ ಕಾಲದ ಜೀಪು ಇನ್ನೂ ಓಡುತ್ತಿದೆ, ಹಳೆಯ ಗಾಡಿಗಳೇ ಗಟ್ಟಿ” ಎಂಬ ಮಾತನ್ನು ಕೇಳದವರಿಲ್ಲ. ಓಡುತ್ತಿರುವ ಆ ಒಂದು ಜೀಪು ನಮ್ಮ ಕಣ್ಣಿಗೆ ಬೀಳುತ್ತದೆ. ಗುಜರಿಗೆ ಹೋದವು ಬೀಳುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿದ್ದ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು, ದಾಳಿಯಿಂದ ಹಿಂದಿರುಗಿದ ವಿಮಾನಗಳ ಮೇಲಿನ ಗುಂಡಿನ ಗುರುತುಗಳನ್ನು ಆಧಾರವಾಗಿಟ್ಟುಕೊಂಡು, ಹಿಂದಿರುಗದ ವಿಮಾನಗಳಿಗೆ ಎಲ್ಲಿ ಪೆಟ್ಟು ಬಿದ್ದಿರಬೇಕೆಂಬುದನ್ನು ಅಂದಾಜು ಮಾಡುವ ವಿಧಾನವನ್ನು ರೂಪಿಸಿದರು. ಉಳಿದವುಗಳನ್ನು ಮಾತ್ರ ನೋಡಿ ತೀರ್ಮಾನಿಸಬಾರದೆಂಬುದು ಅವರ ಕೆಲಸದ ತಿರುಳು. ಇದೇ ವಾಲ್ಡ್ ಅವರು ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದಿದ್ದಾಗ, ೧೯೫೦ರ ಡಿಸೆಂಬರಿನಲ್ಲಿ, ನೀಲಗಿರಿಯಲ್ಲಿ ನಡೆದ ವಿಮಾನಾಪಘಾತದಲ್ಲಿ ತೀರಿಕೊಂಡರೆಂಬುದು ದುಃಖದ ಸಂಗತಿ.

ಗ್ಯಾರೇಜಿನ ಮಿಸ್ತ್ರಿಯ ಮಾತನ್ನು ಕೇಳುವಾಗಲೂ ಎಚ್ಚರ ಬೇಕು. ಒಂದು ಮಾದರಿಯ ಗಾಡಿಗಳು ಅವರ ಬಳಿಗೆ ಹೆಚ್ಚಾಗಿ ಬರುತ್ತವೆಯೆಂದರೆ ಅವು ಹೆಚ್ಚಾಗಿ ಕೆಡುತ್ತವೆಂದೇ ಅರ್ಥವಲ್ಲ. ಊರಿನಲ್ಲಿ ಅವೇ ಹೆಚ್ಚಾಗಿರಬಹುದು. ಕೆಟ್ಟವು ಎಷ್ಟು ಎಂಬುದನ್ನು ಇರುವವು ಎಷ್ಟು ಎಂಬುದರಿಂದ ಭಾಗಿಸಿದಾಗಲೇ ಸತ್ಯ ಹೊರಬೀಳುತ್ತದೆ. ಜರ್ಮನಿಯ ಎ.ಡಿ.ಎ.ಸಿ. ಎಂಬ ವಾಹನ ಮಾಲೀಕರ ಸಂಘವು ೧೯೭೮ರಿಂದ ಪ್ರಕಟಿಸುತ್ತಿರುವ ಅಂಕಿ ಅಂಶಗಳಲ್ಲಿ ರಸ್ತೆಯಲ್ಲಿ ನಿಂತ ಗಾಡಿಗಳನ್ನು ಪ್ರತಿ ಸಾವಿರಕ್ಕೆ ಇಂತಿಷ್ಟೆಂದು ಲೆಕ್ಕ ಹಾಕುವುದು ಈ ಕಾರಣದಿಂದಲೇ. ಆದುದರಿಂದ ಮಿಸ್ತ್ರಿಯನ್ನು “ಯಾವುದು ಹೆಚ್ಚು ಬರುತ್ತದೆ?” ಎಂದು ಕೇಳುವುದಕ್ಕಿಂತ “ಈ ಗಾಡಿ ಬಂದರೆ ಯಾವ ಭಾಗ ಹೋಗಿರುತ್ತದೆ, ಎಷ್ಟು ಕಿಲೋಮೀಟರಿಗೆ ಹೋಗಿರುತ್ತದೆ?” ಎಂದು ಕೇಳುವುದು ಉತ್ತಮ.

ಯಂತ್ರದ ಬಾಲ್ಯ, ಯೌವನ, ಮುಪ್ಪು

ಯಂತ್ರಗಳಿಗೂ ಮನುಷ್ಯರಂತೆ ಮೂರು ಅವಸ್ಥೆಗಳುಂಟು. ಮೊದಮೊದಲು ತಯಾರಿಕೆಯ ಲೋಪಗಳು ಹೊರಬೀಳುತ್ತವೆ. ಆಗ ಕೆಡುವ ದರ ಹೆಚ್ಚು. ಬಳಿಕ ದರವು ತಗ್ಗಿ ಬಹುಕಾಲ ಒಂದೇ ಮಟ್ಟದಲ್ಲಿರುತ್ತದೆ. ಕೊನೆಗೆ ಸವೆತದಿಂದಾಗಿ ಮತ್ತೆ ಏರುತ್ತದೆ. ಸ್ವೀಡನ್ನಿನ ಎಂಜಿನಿಯರ್ ವಾಲೋಡಿ ವೈಬುಲ್ ಅವರು ೧೯೫೧ರಲ್ಲಿ ಪ್ರಕಟಿಸಿದ ಸೂತ್ರದ ಸಹಾಯದಿಂದ ಈ ಮೂರು ಅವಸ್ಥೆಗಳಲ್ಲಿ ಪ್ರತಿಯೊಂದನ್ನೂ ಒಂದೇ ರೀತಿಯ ಗಣಿತದಿಂದ ವರ್ಣಿಸಬಹುದು.

ಇದರಿಂದ ಕೊಳ್ಳುವವರಿಗೆ ಎರಡು ಪಾಠಗಳುಂಟು. ಹೊಚ್ಚಹೊಸ ಮಾದರಿ ಪೇಟೆಗೆ ಬಂದೊಡನೆಯೇ ಕೊಳ್ಳಲು ಆತುರಪಡಬಾರದು. ಅದರ ಬಾಲ್ಯದ ದೋಷಗಳು ಬೇರೆಯವರ ಕೈಯಲ್ಲಿ ಹೊರಬೀಳಲಿ. ಎರಡನೆಯದಾಗಿ, ಹಳೆಯ ಗಾಡಿಯನ್ನು ಕೊಳ್ಳುವಾಗ ಅದು ನಡುವಯಸ್ಸಿನಲ್ಲಿದೆಯೋ ಮುಪ್ಪಿಗೆ ಕಾಲಿಟ್ಟಿದೆಯೋ ನೋಡಬೇಕು. ಸರಕು ವಾಹನಗಳಿಗೆ ಸಾರಿಗೆ ಇಲಾಖೆಯು ಕೊಡುವ ಫಿಟ್‌ನೆಸ್ ಪ್ರಮಾಣಪತ್ರವು ಪರೀಕ್ಷೆಯ ದಿನ ಗಾಡಿ ಹೇಗಿತ್ತೆಂಬುದಕ್ಕೆ ಸಾಕ್ಷಿ; ನಾಳೆ ಹೇಗಿರುವುದೆಂಬುದಕ್ಕೆ ಅಲ್ಲ.

ಹೊರೆ ಮತ್ತು ಆಯುಷ್ಯ

ಈಗ ಅತ್ಯಂತ ಮುಖ್ಯವಾದ ಅಂಶಕ್ಕೆ ಬರೋಣ. ಚಕ್ರದ ಬೇರಿಂಗುಗಳ ಆಯುಷ್ಯವನ್ನು ಲೆಕ್ಕ ಹಾಕುವ ವಿಧಾನವನ್ನು ಸ್ವೀಡನ್ನಿನವರೇ ಆದ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ೧೯೪೭ರಲ್ಲಿ ಕೊಟ್ಟರು. ಗುಂಡುಗಳಿರುವ ಬೇರಿಂಗಿನ ಆಯುಷ್ಯವು ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ. ಅಂದರೆ ಹೊರೆ ಇಮ್ಮಡಿಯಾದರೆ ಆಯುಷ್ಯ ಎಂಟರಲ್ಲಿ ಒಂದು ಪಾಲಾಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗಾಡಿಯ ಹಿಂದಿನ ಅಚ್ಚಿನ ಮೇಲೆ ಅದರ ಸ್ವಂತ ತೂಕ ೬೦೦ ಕಿಲೋಗ್ರಾಂ ಬೀಳುತ್ತದೆ. ಕಂಪನಿ ಹೇಳಿದ ಸರಕಿನ ಮಿತಿ ೧೦೦೦ ಕಿಲೋಗ್ರಾಂ. ಸರಕಿನ ಭಾರವೆಲ್ಲ ಹಿಂದಿನ ಅಚ್ಚಿನ ಮೇಲೆಯೇ ಎಂದಿಟ್ಟುಕೊಂಡರೆ ಒಟ್ಟು ೧೬೦೦. ಸುಗ್ಗಿಯ ಆತುರದಲ್ಲಿ ಕ್ವಿಂಟಾಲಿನ ನಾಲ್ಕು ಚೀಲಗಳನ್ನು ಹೆಚ್ಚಿಗೆ ಹೇರಿದರೆ ೨೦೦೦ ಆಗುತ್ತದೆ. ಅಚ್ಚಿನ ಮೇಲಿನ ಭಾರ ಹೆಚ್ಚಿದ್ದು ಕಾಲುಭಾಗ ಮಾತ್ರ, ಆದರೆ ೧.೨೫ರ ಘನ ಸುಮಾರು ೧.೯೫. ಬೇರಿಂಗಿನ ಆಯುಷ್ಯ ಹೆಚ್ಚುಕಡಮೆ ಅರ್ಧವಾಯಿತು! ಕಮಾನು ಪಟ್ಟಿಗಳೂ ಅಚ್ಚುಗಳೂ ಮರಳಿ ಮರಳಿ ಬಾಗಿ ದಣಿಯುವಾಗಲೂ ಇಂತಹ ನಿಯಮವೇ ಅನ್ವಯಿಸುತ್ತದೆ. ಗಾಡಿಯ ಹೆಸರಿಗಿಂತ ಹೇರುವವರ ಕೈಯೇ ಅದರ ವಿಶ್ವಾಸಾರ್ಹತೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆಂದರೆ ಅತಿಶಯೋಕ್ತಿಯಾಗದು. ನೆರೆಯವರ ಗಾಡಿ ಕೆಡಲಿಲ್ಲವೆಂದು ಕೇಳಿದಾಗ, ಅವರು ಎಷ್ಟು ಹೇರುತ್ತಿದ್ದರೆಂದು ಕೇಳದೆ ಬಿಡಬಾರದು.

ಬಿಸಿಲು, ಧೂಳು, ಎರೆಮಣ್ಣು

ಕಲಬುರಗಿಯ ಬೇಸಗೆಯಲ್ಲಿ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಉಷ್ಣತೆ ೧೦ ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮ ಬ್ಯಾಟರಿಗೂ ಸಲ್ಲುತ್ತದೆ. ಸದಾ ೨೫ ಡಿಗ್ರಿಯಲ್ಲಿ ನಾಲ್ಕು ವರ್ಷ ಬಾಳುವ ಬ್ಯಾಟರಿ ಸದಾ ೩೫ ಡಿಗ್ರಿಯಲ್ಲಿ ಎರಡೇ ವರ್ಷ ಬಾಳಬಹುದು. ತಂಪು ನಾಡಿನ ಅಂಕಿ ಅಂಶಗಳನ್ನು ಇಲ್ಲಿಗೆ ಹಾಗೆಯೇ ತಂದುಕೊಳ್ಳಬಾರದೆಂಬುದು ಇದರಿಂದ ಸ್ಪಷ್ಟ. ಹೊಲದ ದಾರಿಯ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಮಳೆಗಾಲದಲ್ಲಿ ಹಿಗ್ಗಿ ಅಂಟಾಗುವ ಎರೆಮಣ್ಣಿನಲ್ಲಿ ಚಕ್ರ ಹೂತಾಗ ಕ್ಲಚ್ ಪ್ಲೇಟು ಜಾರಿ ಜಾರಿ ಸುಡುತ್ತದೆ. ಆದುದರಿಂದ ಇದೇ ಸೀಮೆಯಲ್ಲಿ ಓಡಿದ ಗಾಡಿಗಳ ವೃತ್ತಾಂತವೇ ಹೆಚ್ಚು ಬೆಲೆಯುಳ್ಳದ್ದು.

ರಿಪೇರಿಯೂ ಲೆಕ್ಕಕ್ಕೆ ಸೇರಬೇಕು

ಎರಡು ಗಾಡಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು ಸರಾಸರಿ ೩೦೦ ದಿನಗಳು ಓಡಿ ಒಮ್ಮೆ ಕೆಡುತ್ತದೆ; ಆದರೆ ಬಿಡಿಭಾಗ ದೂರದ ಊರಿನಿಂದ ಬರಬೇಕಾದುದರಿಂದ ೧೫ ದಿನ ನಿಲ್ಲುತ್ತದೆ. ಎರಡನೆಯದು ಸರಾಸರಿ ೧೦೦ ದಿನಗಳು ಓಡಿ ಕೆಡುತ್ತದೆ. ಆದರೆ ಸಾಮಾನು ಕಲಬುರಗಿಯಲ್ಲೇ ದೊರೆತು ಒಂದೇ ದಿನದಲ್ಲಿ ಸರಿಯಾಗುತ್ತದೆ. ಮೊದಲನೆಯದು ನೂರರಲ್ಲಿ ಸುಮಾರು ೯೫ ದಿನ ನಮ್ಮ ಕೈಗೆ ಸಿಗುತ್ತದೆ. ಎರಡನೆಯದು ೯೯ ದಿನ. ನಡುರಾತ್ರಿ ಗಾಡಿ ಬೇಕಾದಾಗ, ಅದು ಮನೆಯ ಮುಂದೆ ಸಿದ್ಧವಿದ್ದು, ಆ ದಿನದ ಪಯಣದಲ್ಲಿ ಕೆಡದೆ ಹೋಗಿ ಮುಟ್ಟುವ ಸಂಭವವನ್ನು ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಶೇಕಡ ೯೫, ಎರಡನೆಯದಕ್ಕೆ ಶೇಕಡ ೯೮. ಕಡಿಮೆ ಕೆಡುವ ಗಾಡಿಗಿಂತ ಬೇಗ ಸರಿಯಾಗುವ ಗಾಡಿಯೇ ಇಲ್ಲಿ ಮೇಲಾಯಿತು. ಆದರೆ ದಾರಿಯ ನಡುವೆ ನಿಲ್ಲುವ ಸಂಭವ ಎರಡನೆಯದಕ್ಕೇ ಹೆಚ್ಚೆಂಬುದನ್ನು ಮರೆಯುವಂತಿಲ್ಲ. ದೂರದ ಪಯಣಗಳೇ ಹೆಚ್ಚಾಗಿರುವ ಮನೆಯವರು ಬೇರೆ ತೀರ್ಮಾನಕ್ಕೆ ಬರಬಹುದು.

ಮನೆಯವರು ಎಲ್ಲಿ ಕೂರುವರು?

ವಿಶ್ವಾಸಾರ್ಹತೆ ಬೇರೆ, ಸುರಕ್ಷತೆ ಬೇರೆ. ಎಂದೂ ಕೆಡದ ಗಾಡಿಯ ಹಿಂಭಾಗದಲ್ಲಿ ಹತ್ತು ಜನರನ್ನು ನಿಲ್ಲಿಸಿಕೊಂಡು ಜಾತ್ರೆಗೆ ಹೋಗುವುದು ಅಪಾಯವೇ ಸರಿ. ಸರಕಿನ ತೊಟ್ಟಿಯಲ್ಲಿ ಪ್ರಯಾಣಿಕರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ. ನಿಂತ ಜನರಿಂದ ಗಾಡಿಯ ಗುರುತ್ವಕೇಂದ್ರ ಮೇಲಕ್ಕೇರುತ್ತದೆ. ತಿರುವಿನಲ್ಲಿ ಗಾಡಿ ಮಗುಚುವ ವೇಗ ಅದರಿಂದ ತಗ್ಗುತ್ತದೆ. ಮನೆಯ ಬಳಕೆಗೆಂದೇ ಕೊಳ್ಳುವುದಾದರೆ, ಎಲ್ಲರಿಗೂ ಆಸನವೂ ಸೀಟುಬೆಲ್ಟೂ ಇರುವ ಎರಡು ಸಾಲಿನ ಕ್ಯಾಬಿನ್ನು ಮೊದಲ ಷರತ್ತಾಗಬೇಕು. ೨೦೨೩ರ ಅಕ್ಟೋಬರ್ ೧ರಂದು ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆಯ ಯೋಜನೆಯು ಪ್ರಯಾಣಿಕರ ಕಾರುಗಳಿಗಾಗಿ ರೂಪಿತವಾದುದು. ಸರಕು ವಾಹನವೆಂದು ನೋಂದಣಿಯಾಗುವ ಪಿಕಪ್ಪಿಗೆ ಅದರ ನಕ್ಷತ್ರಗಳನ್ನು ಹುಡುಕಿ ಪ್ರಯೋಜನವಿಲ್ಲ. ಗಾಳಿಚೀಲ, ಚಕ್ರ ಬಿಗಿಯದಂತೆ ತಡೆಯುವ ಬ್ರೇಕು ಇವೆಯೇ ಎಂಬುದನ್ನು ನಾವೇ ಕೇಳಿ ತಿಳಿಯಬೇಕು.

ಪಿಕಪ್ಪಿನ ಕಮಾನುಗಳು ತುಂಬಿದ ಹೊರೆಗೆ ಹೊಂದುವಷ್ಟು ಬಿಗಿಯಾಗಿರುತ್ತವೆ. ಸ್ಪ್ರಿಂಗಿನ ಮೇಲಿನ ತೂಕ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದರೆ ಅದು ಕುಲುಕುವ ಆವೃತ್ತಿ ಇಮ್ಮಡಿಯಾಗುತ್ತದೆ. ಖಾಲಿ ಗಾಡಿ ಗರ್ಭಿಣಿಯರನ್ನೂ ವೃದ್ಧರನ್ನೂ ಹಣ್ಣು ಮಾಡುವುದು ಇದರಿಂದಲೇ. ಆದಕಾರಣ ಪರೀಕ್ಷೆಗೆ ಓಡಿಸುವಾಗ ಖಾಲಿಯಾಗಿ ಒಮ್ಮೆ, ಹೊರೆಯೊಡನೆ ಒಮ್ಮೆ, ಮನೆಯವರನ್ನೂ ಕೂರಿಸಿಕೊಂಡು ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡಬೇಕು.

ಕೊಳ್ಳುವ ಮುನ್ನ

ಇಷ್ಟನ್ನು ತಿಳಿದ ಮೇಲೆ ಮಾಡಬೇಕಾದುದು ಕಷ್ಟವೇನಲ್ಲ. ಒಂದೇ ಮಾದರಿಯ, ಒಂದೇ ವಯಸ್ಸಿನ ಗಾಡಿಗಳ ಇಪ್ಪತ್ತು ಮೂವತ್ತು ಮಾಲೀಕರನ್ನು ಗಂಜಿನಲ್ಲಿಯೂ ಕಮಲಾಪುರದ ಸಂತೆಯಲ್ಲಿಯೂ ಕೇಳಿರಿ. ಎಷ್ಟು ಕಿಲೋಮೀಟರು ಓಡಿತು, ಎಷ್ಟು ಹೇರಿದರು, ಯಾವಾಗ ಯಾವ ಭಾಗ ಕೆಟ್ಟಿತು, ಎಷ್ಟು ದಿನ ನಿಂತಿತು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿರಿ. ಮಾರಿಬಿಟ್ಟವರನ್ನೂ ಹುಡುಕಿ ಕೇಳಿರಿ. ಏಕೆಂದರೆ ಅತೃಪ್ತರಾದವರು ಅವರಲ್ಲಿಯೇ ಇರುವರು. ದೋಷವಿರುವ ವಾಹನಗಳನ್ನು ಕಂಪನಿಗಳು ಹಿಂದಕ್ಕೆ ಕರೆಸಿ ಸರಿಪಡಿಸಬೇಕೆಂಬ ನಿಯಮ ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಿಂದ ಬಂದು, ೨೦೨೧ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ನಾವು ಕೊಳ್ಳುವ ಮಾದರಿಯನ್ನು ಹೀಗೆ ಕರೆಸಿದ್ದುಂಟೇ, ಈ ಗಾಡಿಗೆ ಆ ಕೆಲಸವಾಗಿದೆಯೇ ಎಂದು ವಿಚಾರಿಸುವುದು ಕೊಳ್ಳುವವರ ಹಕ್ಕು.

ಇಷ್ಟೆಲ್ಲ ಮಾಡಿದರೂ ನಮಗೆ ದೊರೆಯುವುದು ಒಂದು ಸಂಭವನೀಯತೆ ಮಾತ್ರ. ಅದಕ್ಕಾಗಿ ಬೇಸರಪಡಬೇಕಾಗಿಲ್ಲ. ಮಳೆಯ ಅಂದಾಜನ್ನು ನಂಬಿ ಬಿತ್ತುವ ಒಕ್ಕಲಿಗರಿಗೆ ಸಂಭವನೀಯತೆಯೊಡನೆ ಬಾಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಿತ್ತನೆಗೆ ಮುನ್ನ ಅವರು ಬೀಜವನ್ನು ನೋಡುತ್ತಾರೆ, ನೆಲವನ್ನು ನೋಡುತ್ತಾರೆ, ಮುಗಿಲನ್ನು ನೋಡುತ್ತಾರೆ. ಗಾಡಿ ಕೊಳ್ಳುವಾಗಲೂ ಗಾಡಿಯೊಂದನ್ನೇ ನೋಡದೆ ಹೊರೆ, ರಸ್ತೆ, ಬಿಸಿಲು, ಗ್ಯಾರೇಜು ಇವೆಲ್ಲವನ್ನೂ ನೋಡಿದರೆ ಸಾಕು.